ಹದಿನಾಲ್ಕರ ಹುಡುಗ ಕಾಡಿಗೆ ಹೋಗಲಿ, ಒಬ್ಬನೇ ಬೇಡ

ಪ್ರಶ್ನೆ: ನಾನು ಕೆನಡಾದ ಒಂಟಾರಿಯೊದಲ್ಲಿರುವ ಕನ್ನಡತಿ. ಕಳೆದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಥಂಡರ್ ಬೇ ಊರಿನ ಫೋರ್ಟ್ ವಿಲಿಯಂ ಕೋಟೆ ನೋಡಿ ಬಂದೆ. ಅಲ್ಲಿಂದ ಒಂದು ಆಸೆ ಹತ್ತಿಕೊಂಡಿದೆ. ತುಪ್ಪಳದ ವ್ಯಾಪಾರದ ಕಾಲವನ್ನಿಟ್ಟುಕೊಂಡು 13ರಿಂದ 16 ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಒಂದು ಕಾದಂಬರಿ ಬರೆಯಬೇಕು. 14 ವರ್ಷದ ಹುಡುಗನೊಬ್ಬ ದೋಣಿ ಹತ್ತಿ ಒಬ್ಬನೇ ಹೊರಟು, ಯಾರೂ ಕಾಲಿಡದ ಕಾಡಿನಲ್ಲಿ ಹೊಸ ದಾರಿ ಹುಡುಕಿ, ಬೀವರ್ ಎಂಬ ತುಪ್ಪಳದ ಪ್ರಾಣಿಯನ್ನು ಬೇಟೆಯಾಡಿ, ಶ್ರೀಮಂತನಾಗಿ ಮರಳುವ ಕಥೆ. ಅಷ್ಟು ಚಿಕ್ಕ ಹುಡುಗ ಅಂದರೆ ಓದುಗರು ನಂಬುತ್ತಾರಾ? ಇತಿಹಾಸ ಎಷ್ಟು ಬೇಕು? ಮೂಲನಿವಾಸಿಗಳ ಬಗ್ಗೆ ಬರೆಯುವಾಗ ತಪ್ಪಾದರೆ ಎಂಬ ಭಯವೂ ಇದೆ.

ಉತ್ತರ: ವಯಸ್ಸಿನ ಚಿಂತೆ ಬಿಡಿ. 14 ವರ್ಷದ ಹುಡುಗರು ಆ ವ್ಯಾಪಾರದಲ್ಲಿ ನಿಜವಾಗಿಯೂ ಇದ್ದರು. ನಿಮ್ಮ ಕಥೆಯಲ್ಲಿ ನನಗೆ ನಂಬಲಾಗದೇ ಹೋಗಿದ್ದು ಬೇರೆ ಮೂರು ಸಂಗತಿ. ಅವನು ಒಬ್ಬನೇ ಹೋಗುತ್ತಾನೆ. ಯಾರೂ ಇಲ್ಲದ ಕಾಡಿಗೆ ಹೋಗುತ್ತಾನೆ. ದುಡ್ಡು ಮಾಡಿಕೊಂಡು ಬರುತ್ತಾನೆ. ಈ ಮೂರನ್ನೂ ತೆಗೆದರೆ ಇನ್ನೇನು ಉಳಿಯಿತು ಅಂತ ನೀವು ಕೇಳಬಹುದು. ಉಳಿಯುವುದೇ ಜಾಸ್ತಿ, ಅದನ್ನೇ ಹೇಳುತ್ತೇನೆ.

ಡೇವಿಡ್ ಥಾಂಪ್ಸನ್‌ನಿಂದ ಶುರು ಮಾಡೋಣ. 1770ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹುಟ್ಟಿದವನು. ಎರಡು ವರ್ಷದ ಮಗುವಾಗಿದ್ದಾಗಲೇ ಅಪ್ಪ ಹೋದ. ಬಡ ಮಕ್ಕಳಿಗಾಗಿ ನಡೆಯುತ್ತಿದ್ದ ಗ್ರೇ ಕೋಟ್ ಶಾಲೆಯಲ್ಲಿ ಓದಿದ, ಗಣಿತ ಚೆನ್ನಾಗಿ ಬರುತ್ತಿತ್ತು. 1784ರಲ್ಲಿ ಅವನನ್ನು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಗೆ 7 ವರ್ಷದ ಅಪ್ರೆಂಟಿಸ್ ಆಗಿ ಸೇರಿಸಿದರು. ಆಗ ಅವನಿಗೆ 14. ಹಡಗು ಅವನನ್ನು ಹಡ್ಸನ್ ಕೊಲ್ಲಿಯ ದಂಡೆಯ ಚರ್ಚಿಲ್‌ನಲ್ಲಿ ಇಳಿಸಿತು. ಆಮೇಲೆ ಅವನು ಯಾವತ್ತೂ ಇಂಗ್ಲೆಂಡಿಗೆ ಮರಳಲಿಲ್ಲ.

ಅಲ್ಲಿ ಅವನು ಏನು ಮಾಡುತ್ತಿದ್ದ ಅಂತ ನಿಮ್ಮ ಓದುಗ ಮಕ್ಕಳು ಕೇಳೇ ಕೇಳುತ್ತಾರೆ. ಮೊದಲ ವರ್ಷ ಹೆಚ್ಚೇನೂ ಇಲ್ಲ. ಚಳಿಗಾಲದಲ್ಲಿ ಚಳಿಯನ್ನು ಬೈಯುವುದು, ಬೇಸಿಗೆಯಲ್ಲಿ ಹಕ್ಕಿ ಹೊಡೆಯುವುದು, ಸೊಳ್ಳೆ ಜೊತೆ ಜಗಳ. ಓದು ಬರಹ ಕಲಿತು ಬಂದ ಹುಡುಗನಿಗೆ ಬರೆಯಲು ಕೆಲಸವೇ ಇಲ್ಲ ಎಂಬ ಸಂಕಟವನ್ನು ಮುಪ್ಪಿನಲ್ಲೂ ಅವನು ಮರೆತಿರಲಿಲ್ಲ. ಮರುವರ್ಷ, 1785ರಲ್ಲಿ, ಅವನನ್ನು ಯಾರ್ಕ್ ಫ್ಯಾಕ್ಟರಿ ಎಂಬ ಇನ್ನೊಂದು ವ್ಯಾಪಾರದ ಕೋಠಿಗೆ ಕಳಿಸಿದರು. ಸುಮಾರು 240 ಕಿಲೋಮೀಟರ್. ಕಾಲ್ನಡಿಗೆ. ಜೊತೆಗೆ ಇಬ್ಬರು ಮೂಲನಿವಾಸಿಗಳು. ಅವರಿಗೆ ಕಂಪನಿಯವರು ದಾರಿಗೆಂದು ಮದ್ಯ ಕೊಟ್ಟಿದ್ದರು, ಮೊದಲ ದಿನ ಇಬ್ಬರೂ ಕುಡಿದು ಬಿದ್ದರು. ಮಾರನೆಯ ದಿನದಿಂದ ಸಮುದ್ರದಂಡೆ ಹಿಡಿದು ನಡಿಗೆ. ದಂಡೆಯುದ್ದಕ್ಕೂ ಹಿಮಕರಡಿಗಳು. ಅವುಗಳ ಪಕ್ಕದಲ್ಲಿ ಹಾದುಹೋಗುವಾಗ ಹೇಗೆ ನಡೆಯಬೇಕು ಅಂತ ಆ ಇಬ್ಬರೇ ಹುಡುಗನಿಗೆ ಹೇಳಿಕೊಟ್ಟರು: ಓಡಬೇಡ, ನಿಲ್ಲಬೇಡ, ಕರಡಿಯನ್ನು ಗಮನಿಸಿದಂತೆ ತೋರಿಸಿಕೊಳ್ಳಬೇಡ, ಒಂದೇ ಸಮನೆ ಹೆಜ್ಜೆ ಹಾಕು.

ಇಲ್ಲೇ ನಿಮ್ಮ ಒಂದು ಅಧ್ಯಾಯ ಇದೆ, ಅಲ್ವಾ? ಹುಡುಗ ಕರಡಿಯನ್ನು ಕೊಲ್ಲುವುದಿಲ್ಲ. ಕರಡಿಯ ಪಕ್ಕ ನಡೆಯಲು ಕಲಿಯುತ್ತಾನೆ. ಕಲಿಸಿದವರು ಹಿಂದಿನ ದಿನ ಕುಡಿದು ಬಿದ್ದಿದ್ದವರು. ಅವರನ್ನು ಪೂರ್ತಿ ಒಳ್ಳೆಯವರು ಅಂತಲೋ ಪೂರ್ತಿ ಕೆಟ್ಟವರು ಅಂತಲೋ ಬರೆಯಲು ಬರುವುದೇ ಇಲ್ಲ. ಆ ಮದ್ಯ ಕೊಟ್ಟವರು ಯಾರು ಎಂಬ ಪ್ರಶ್ನೆಯೂ ಜಾಣ ಹುಡುಗನ ತಲೆಯಲ್ಲಿ ಏಳಬೇಕು.

ಥಾಂಪ್ಸನ್ನನ ಕಥೆಯ ಇನ್ನೊಂದು ಚಳಿಗಾಲವಂತೂ ನನಗೆ ಬಹಳ ಇಷ್ಟ. 1787–88ರಲ್ಲಿ, 17 ವರ್ಷದವನಾಗಿದ್ದಾಗ, ಅವನನ್ನು ರಾಕಿ ಪರ್ವತಗಳ ಹತ್ತಿರ ಪಿಯೆಗನ್ ಜನರ ಜೊತೆ ಇರಲು ಕಳಿಸಿದರು. ಸೌಕಮಾಪಿ ಎಂಬ ಮುದುಕ ಅವನಿಗೆ ತನ್ನ ಡೇರೆಯಲ್ಲಿ ಜಾಗ ಕೊಟ್ಟ. ಹುಟ್ಟಿನಿಂದ ಕ್ರೀ ಜನದವನು, ಪಿಯೆಗನ್ನರ ನಡುವೆ ಬಾಳಿದವನು. ಎಪ್ಪತ್ತೈದು ದಾಟಿದ್ದ ಆ ಅಜ್ಜ ಸಂಜೆಯಾದರೆ ಕೂತು ತನ್ನ ಕಾಲದ ಕಥೆ ಹೇಳುತ್ತಿದ್ದ. ಬಂದೂಕು ಇಲ್ಲದ ಕಾಲದ ಯುದ್ಧ ಹೇಗಿತ್ತು, ಮೊದಲ ಸಲ ಬಂದೂಕು ಸಿಡಿದಾಗ ಎದುರಿನವರು ಹೇಗೆ ಬೆದರಿದರು, ಬಾಣ ತಗುಲಿ ಸತ್ತ ಒಂದು ಕುದುರೆಯನ್ನು ಜನ ಸುತ್ತುಗಟ್ಟಿ ನಿಂತು ಇದೇನು ಪ್ರಾಣಿ ಅಂತ ಹೇಗೆ ನೋಡಿದರು, ಇಂಥವು. ಸಿಡುಬಿನ ಕಥೆಯನ್ನೂ ಅವನೇ ಹೇಳಿದ. ಶತ್ರುಗಳ ಬಿಡಾರಕ್ಕೆ ಬೆಳಗಿನ ಜಾವ ನುಗ್ಗಿದರಂತೆ. ಡೇರೆಗಳನ್ನು ಸೀಳಿ ನೋಡಿದರೆ ಒಳಗೆ ಬರೀ ಹೆಣಗಳು, ಸಾಯುತ್ತಿರುವವರು. ಹೋರಾಡಲು ಯಾರೂ ಇಲ್ಲ. ಸಿಕ್ಕ ಸಾಮಾನು ತಂದರು. ಸಾಮಾನಿನ ಜೊತೆ ರೋಗವೂ ಬಂತು. 1781–82ರ ಆ ಸಿಡುಬು ಹಡ್ಸನ್ ಕೊಲ್ಲಿಯವರೆಗೆ ಹಬ್ಬಿ ಊರೂರನ್ನೇ ಖಾಲಿ ಮಾಡಿತ್ತು.

ನಿಮ್ಮ ಹುಡುಗ 1784ರ ನಂತರ ಅಲ್ಲಿಗೆ ಹೋದರೆ ಅವನು ಕಾಣುವ ಎಷ್ಟೋ ಖಾಲಿ ಜಾಗ ಮೊದಲಿಂದ ಖಾಲಿ ಇದ್ದದ್ದಲ್ಲ, ಜನ ಸತ್ತು ಖಾಲಿಯಾದದ್ದು. ಇದು ಗೊತ್ತಿಲ್ಲದೆ "ಯಾರೂ ಕಾಲಿಡದ ಕಾಡು" ಅಂತ ಬರೆದರೆ ಸತ್ತವರನ್ನು ಇನ್ನೊಂದು ಸಲ ಅಳಿಸಿದಂತೆ ಆಗುತ್ತೆ. ಮಕ್ಕಳಿಗೆ ಇದನ್ನು ಹೇಳಬಹುದಾ ಅಂತ ಹಿಂಜರಿಯಬೇಡಿ. 14 ವರ್ಷದವರು ತಡೆದುಕೊಳ್ಳುತ್ತಾರೆ. ವಿವರ ಹಿಂಸಾತ್ಮಕವಾಗದಂತೆ ನೋಡಿಕೊಂಡರೆ ಸಾಕು. ಅಜ್ಜನ ಬಾಯಲ್ಲಿ ಹೇಳಿಸಿದರೆ ಅದು ತಾನಾಗಿಯೇ ಹದದಲ್ಲಿರುತ್ತೆ.

ಇನ್ನು "ಹೊಸ ದಾರಿ ಹುಡುಕುವುದು". ತುಪ್ಪಳದ ವ್ಯಾಪಾರಿ ಅಲೆಕ್ಸಾಂಡರ್ ಮೆಕೆಂಜಿ 1793ರಲ್ಲಿ ಪೆಸಿಫಿಕ್ ಸಾಗರ ಮುಟ್ಟಿದ. ಕರಗಿಸಿದ ಕೊಬ್ಬಿನಲ್ಲಿ ಕೆಂಪು ಬಣ್ಣ ಕಲಸಿ ಬಂಡೆಯ ಮೇಲೆ ತನ್ನ ಹೆಸರು, 22 ಜುಲೈ 1793 ಅಂತ ದಿನಾಂಕ ಬರೆದ. ಎಲ್ಲ ಪಠ್ಯಪುಸ್ತಕದಲ್ಲೂ ಇರುವ ವಿಷಯ. ಆದರೆ ಕೊನೆಯ ಹಂತ ಅವನು ಹೇಗೆ ದಾಟಿದ? ನದಿ ಹಿಡಿದು ಹೋಗುತ್ತಿದ್ದವನಿಗೆ ಅಲ್ಲಿನ ಜನ, ಈ ನದಿಯಲ್ಲಿ ಹೋದರೆ ಉಳಿಯಲ್ಲ, ಹಿಂದೆ ಹೋಗಿ ಕಾಲುದಾರಿ ಹಿಡಿ ಅಂದರು. ಆ ಕಾಲುದಾರಿಯಲ್ಲಿ ತಲೆಮಾರುಗಳಿಂದ ಕರಾವಳಿಯ ಮೀನೆಣ್ಣೆ ಒಳನಾಡಿಗೆ ಬರುತ್ತಿತ್ತು. ಅಂದರೆ ಅವನು ಹುಡುಕಿದ ದಾರಿ ಒಂದು ಹಳೆಯ ವ್ಯಾಪಾರದ ದಾರಿ. ದಾರಿಯಲ್ಲಿ ಊಟ ಹಾಕಿದವರಿದ್ದರು, ಮೂಟೆ ಹೊತ್ತವರಿದ್ದರು, ಮುಂದಿನ ಊರಿನವರೆಗೆ ಜೊತೆ ಬಂದವರಿದ್ದರು. ಅವನ ತಂಡದ ಜೊತೆ ಒಂದು ನಾಯಿಯೂ ಇತ್ತು. ಅದು ದಾರಿಯಲ್ಲಿ ಕಳೆದುಹೋಗಿ ವಾಪಸ್ ಬರುವಾಗ ಸಿಕ್ಕಿತು. ಚಿಕ್ಕ ಓದುಗರಿಗೆ ಆ ನಾಯಿ ಸಾಹೇಬನಿಗಿಂತ ಜಾಸ್ತಿ ಹಿಡಿಸುತ್ತೆ, ಬೇಕಾದರೆ ನೋಡಿ.

ಹಡ್ಸನ್ಸ್ ಬೇ ಕಂಪನಿಯ ಸ್ಯಾಮ್ಯುಯೆಲ್ ಹರ್ನ್‌ನದ್ದೂ ಇದೇ ಕಥೆ. ಚರ್ಚಿಲ್‌ನಿಂದ ಉತ್ತರದ ತಾಮ್ರದ ನದಿ ಹುಡುಕಿಕೊಂಡು ಎರಡು ಸಲ ಹೊರಟು ಎರಡು ಸಲವೂ ಸೋತು ಬಂದ. ಮೂರನೆಯ ಸಲ, 1770ರ ಡಿಸೆಂಬರಿನಲ್ಲಿ, ಮಟೊನಬಿ ಎಂಬ ಡೆನೆ ನಾಯಕ ಅವನನ್ನು ಕರೆದುಕೊಂಡು ಹೋದ. ಹಿಂದಿನ ಸೋಲಿಗೆ ಕಾರಣ ಏನು ಅಂತ ಮಟೊನಬಿ ನೇರವಾಗಿ ಹೇಳಿದ: ನೀನು ಹೆಂಗಸರನ್ನು ಕರೆದುಕೊಂಡು ಹೋಗಲಿಲ್ಲ. ಇಬ್ಬರು ಗಂಡಸರು ಹೊರುವಷ್ಟು ಭಾರ ಒಬ್ಬ ಹೆಂಗಸು ಹೊರುತ್ತಾಳೆ, ಡೇರೆ ಹಾಕುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಅವರಿಲ್ಲದೆ ಈ ನಾಡಿನಲ್ಲಿ ದೂರ ಹೋಗುವ ಮಾತೇ ಇಲ್ಲ. ಮಟೊನಬಿ ಹೆಂಗಸರ ಬಗ್ಗೆ ಮೃದುವಾಗಿದ್ದವನೇನಲ್ಲ, ದುಡಿಸಿಕೊಳ್ಳುತ್ತಿದ್ದ. ಆದರೂ ಲೆಕ್ಕ ಸರಿಯಾಗಿಯೇ ಹೇಳಿದ. 1771ರ ಜುಲೈಯಲ್ಲಿ ಹರ್ನ್ ಉತ್ತರದ ಸಾಗರ ಮುಟ್ಟಿದ.

ಸಾಹಸದ ಕಾದಂಬರಿಗಳಲ್ಲಿ ನನಗೆ ಬೇಸರ ತರಿಸುವುದು ಇದೇ. ಹುಡುಗ ಹಿಮದಲ್ಲಿ ಮೈಲುಗಟ್ಟಲೆ ನಡೆಯುತ್ತಾನೆ. ಅವನ ಕಾಲಲ್ಲಿದ್ದ ಮೊಕಾಸಿನ್ ಎಂಬ ಮೆತ್ತನೆ ಚರ್ಮದ ಪಾದರಕ್ಷೆ ಯಾರು ಹೊಲಿದರು? ಅವು ಕೆಲವೇ ದಿನಕ್ಕೆ ಹರಿದುಹೋಗುತ್ತಿದ್ದವು, ಹೊಸತು ಬೇಕೇ ಬೇಕು. ಹಿಮದ ಮೇಲೆ ಹೂತುಹೋಗದಂತೆ ಕಾಲಿಗೆ ಕಟ್ಟಿಕೊಳ್ಳುವ ಸ್ನೋಶೂಗೆ ಚರ್ಮದ ದಾರದ ಬಲೆ ಯಾರು ನೇಯ್ದರು? ಬಲೆ ಹಾಕಿ ಮೀನು ಹಿಡಿದು ಕೋಠಿಯನ್ನು ಹಸಿವಿನಿಂದ ಉಳಿಸಿದ್ದು ಯಾರು? ಬಹುತೇಕ ಹೆಂಗಸರು. ನಿಮ್ಮ ಹುಡುಗನ ಕಾಲಿನ ಮೊಕಾಸಿನ್ ಹರಿಯಲಿ. ಹೊಸ ಜೋಡಿ ಕೊಡುವವಳಿಗೆ ಒಂದು ಹೆಸರು, ಒಂದು ಸಿಟ್ಟು, ಒಂದು ಮಾತು ಇರಲಿ.

ನಾಯಕ ಹುಡುಗನೇ ಆಗಬೇಕೆಂದೇನಿದೆ? ಥನಡೆಲ್ತುರ್ ಎಂಬ ಡೆನೆ ಹುಡುಗಿಯ ಕಥೆ ಕೇಳಿ. 1713ರಲ್ಲಿ ಕ್ರೀ ಜನ ಅವಳನ್ನು ಸೆರೆಹಿಡಿದರು. ಮುಂದಿನ ವರ್ಷ ಇನ್ನೊಬ್ಬಳ ಜೊತೆ ತಪ್ಪಿಸಿಕೊಂಡಳು. ಹಸಿವು, ಚಳಿ, ಜೊತೆಗಾತಿ ಸತ್ತಳು. ಅಲೆದು ಅಲೆದು ಯಾರ್ಕ್ ಫ್ಯಾಕ್ಟರಿಯ ಜನರ ಕಣ್ಣಿಗೆ ಬಿದ್ದಳು. ಅಲ್ಲಿನ ಮುಖ್ಯಸ್ಥ ಜೇಮ್ಸ್ ನೈಟ್‌ಗೆ ಡೆನೆ ಜನರ ಜೊತೆ ವ್ಯಾಪಾರ ಬೇಕಿತ್ತು, ಕ್ರೀ ಜನರ ಜೊತೆ ಅವರ ವೈರ ಅಡ್ಡವಾಗಿತ್ತು. 1715ರಲ್ಲಿ ಅವಳನ್ನು, ವಿಲಿಯಂ ಸ್ಟುವರ್ಟ್ ಎಂಬ ಒಬ್ಬ ಕಂಪನಿಯಾಳನ್ನು, ಸುಮಾರು 150 ಕ್ರೀ ಜನರನ್ನು ಸಂಧಾನಕ್ಕೆ ಕಳಿಸಿದ. ದಾರಿಯಲ್ಲಿ ಆಹಾರ ಮುಗಿದು ತಂಡ ಚೂರುಚೂರಾಯಿತು. ಮುಂದೆ ಹೋದರೆ ಕ್ರೀ ಜನರ ಇನ್ನೊಂದು ಗುಂಪು ಕೊಂದಿದ್ದ ಒಂಬತ್ತು ಡೆನೆ ಹೆಣಗಳು. ಜೊತೆಗಿದ್ದ ಕ್ರೀಗಳು ಹೆದರಿ ವಾಪಸ್ ಹೊರಟರು. ಅವಳು ತಡೆದಳು. ಹತ್ತು ದಿನ ಇಲ್ಲೇ ಇರಿ, ನನ್ನವರನ್ನು ಕರೆತರುತ್ತೇನೆ ಅಂತ ಹೇಳಿ ಒಬ್ಬಳೇ ಹೋದಳು. ಹತ್ತನೆಯ ದಿನ ನೂರಕ್ಕೂ ಹೆಚ್ಚು ಡೆನೆ ಜನರ ಜೊತೆ ಬಂದಳು. ಅವರನ್ನು ಒಪ್ಪಿಸಲು ಮಾತಾಡಿ ಮಾತಾಡಿ ಅವಳ ಗಂಟಲು ಕಟ್ಟಿಹೋಗಿತ್ತು. ಸಂಧಾನ ಆಯಿತು. 1717ರ ಫೆಬ್ರವರಿ 5ರಂದು ಕಾಯಿಲೆಯಿಂದ ಅವಳು ಕೋಠಿಯಲ್ಲೇ ಸತ್ತಳು.

ನೈಟ್ ತನ್ನ ದಿನಚರಿಯಲ್ಲಿ ಅವಳನ್ನು ಬಹಳ ಹೊಗಳಿದ್ದಾನೆ. ಆದರೆ ಹೆಸರು ಬರೆದಿಲ್ಲ, ಸೆರೆಯಾಳು ಹೆಂಗಸು ಅಂತಲೇ ಬರೆದ. ಹೆಸರು ಉಳಿಸಿದ್ದು ಡೆನೆ ಜನರ ಬಾಯಿಮಾತಿನ ಕಥೆಗಳು. ಆಧಾರ ಅಂದರೆ ಕಂಪನಿಯ ಕಾಗದ ಮಾತ್ರ ಅಂದುಕೊಂಡವರು ಇದನ್ನು ಗಮನಿಸಬೇಕು.

ಇನ್ನು ದಿನದ ಕೆಲಸ. ನಿಮ್ಮ ಕಾದಂಬರಿಯ ಬೆನ್ನೆಲುಬು ಇದೇ ಆಗಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಮಾಂಟ್ರಿಯಲ್ ಪಕ್ಕದ ಲಶೀನ್‌ನಿಂದ ಮೇ ತಿಂಗಳಲ್ಲಿ ದೋಣಿಗಳು ಹೊರಡುತ್ತಿದ್ದವು. ಬರ್ಚ್ ಮರದ ತೊಗಟೆಯ ದೋಣಿ, ಸುಮಾರು 11 ಮೀಟರ್ ಉದ್ದ, ಮೂರು ಟನ್‌ನಷ್ಟು ಸರಕು, ಎಂಟರಿಂದ ಹನ್ನೆರಡು ಜನ. ಸೀಡರ್ ಮರದ ಪಟ್ಟಿಗಳ ಪಕ್ಕೆಲುಬು, ಸ್ಪ್ರೂಸ್ ಬೇರಿನ ಹೊಲಿಗೆ, ಹೊಲಿಗೆಯ ಮೇಲೆ ಸ್ಪ್ರೂಸ್ ಅಂಟು. ಒಂದು ಮೊಳೆ ಇಲ್ಲ. ಈ ವಿದ್ಯೆ ಪೂರ್ತಿ ಅನಿಶಿನಾಬೆ ಮತ್ತಿತರ ಮೂಲನಿವಾಸಿಗಳದ್ದು. ಕಲ್ಲು ತಗುಲಿದರೆ ತೊಗಟೆ ಹರಿಯುತ್ತೆ, ಅದಕ್ಕೆ ಸಂಜೆ ದಡ ಸೇರಿದ ಮೇಲೆ ದೋಣಿ ಬೋರಲು ಹಾಕಿ, ಬೆಂಕಿಯಲ್ಲಿ ಅಂಟು ಕಾಯಿಸಿ, ಕೊಬ್ಬು ಬೆರೆಸಿ ಬಿರುಕಿಗೆ ಬಳಿಯುವ ಕೆಲಸ. ಅಂಟು ಗಟ್ಟಿಯಾದರೆ ಚಳಿಗೆ ಸಿಡಿಯುತ್ತೆ, ತೆಳ್ಳಗಾದರೆ ಬಿಸಿಲಿಗೆ ಇಳಿಯುತ್ತೆ. ಹದ ನೋಡಲು ಹುಡುಗನಿಗೆ ಕಲಿಸಿ. ಒಂದು ದಿನ ಅವನು ಅವಸರ ಮಾಡಲಿ, ಮಾರನೆಯ ದಿನ ಸರೋವರದ ನಡುವೆ ಕಾಲ ಬುಡದಲ್ಲಿ ನೀರು ಬರಲಿ. ಬೇರೆ ವಿಲನ್ ಬೇಕಿಲ್ಲ.

ಬೆಳಗಿನ ಜಾವ 3 ಗಂಟೆಗೆ ಏಳುವುದು, ಕೆಲವು ಗಂಟೆ ಹುಟ್ಟು ಹಾಕಿದ ಮೇಲೇ ತಿಂಡಿ. ದಿನಕ್ಕೆ 14 ಗಂಟೆಗೂ ಮೀರಿ ದುಡಿತ, ನಿಮಿಷಕ್ಕೆ 40ಕ್ಕಿಂತ ಹೆಚ್ಚು ಸಲ ಹುಟ್ಟು ನೀರಿಗೆ ಬೀಳಬೇಕು. ಲಯ ತಪ್ಪದಿರಲಿ ಅಂತಲೇ ಫ್ರೆಂಚ್ ಹಾಡುಗಳು. ನಡುನಡುವೆ ಪೈಪ್ ಸೇದಲು ಬಿಡುವು. ದೂರವನ್ನೂ ಎಷ್ಟು ಪೈಪ್ ಅಂತಲೇ ಎಣಿಸುತ್ತಿದ್ದರು. ಊಟ ಅಂದರೆ ಬೂದಿನೀರಿನಲ್ಲಿ ಸಿಪ್ಪೆ ತೆಗೆದ ಮೆಕ್ಕೆಜೋಳ, ಸ್ವಲ್ಪ ಕೊಬ್ಬು, ಅಷ್ಟೇ. ಸುಪೀರಿಯರ್ ಸರೋವರ ದಾಟಿ ಒಳನಾಡಿಗೆ ಹೋದವರಿಗೆ ಪೆಮ್ಮಿಕನ್: ಒಣಗಿಸಿದ ಕಾಡೆಮ್ಮೆ ಮಾಂಸವನ್ನು ಕುಟ್ಟಿ ಪುಡಿ ಮಾಡಿ, ಕರಗಿಸಿದ ಕೊಬ್ಬು ಸುರಿದು, ಕೆಲವು ಸಲ ಕಾಡುಹಣ್ಣು ಸೇರಿಸಿ ಚರ್ಮದ ಚೀಲದಲ್ಲಿ ತುಂಬಿದ್ದು. ವರ್ಷಗಟ್ಟಲೆ ಕೆಡದು. ಈ ಪೆಮ್ಮಿಕನ್ ಹೊರಗೆ ಸಾಗಿಸಬಾರದೆಂದು 1814ರಲ್ಲಿ ರೆಡ್ ರಿವರ್ ಕಾಲೊನಿಯಲ್ಲಿ ಆಜ್ಞೆ ಹೊರಟಿದ್ದರಿಂದ ಹಬ್ಬಿದ ವೈರ 1816ರಲ್ಲಿ ಸೆವೆನ್ ಓಕ್ಸ್‌ನಲ್ಲಿ ರಕ್ತ ಹರಿಸಿತು. ಊಟದ ಚೀಲಕ್ಕೆ ಅಷ್ಟು ಬೆಲೆ ಇತ್ತು.

ನದಿಯ ರಭಸ ಜಾಸ್ತಿ ಇದ್ದಲ್ಲಿ ದೋಣಿ, ಸರಕು ಎಲ್ಲ ಹೊತ್ತು ನೆಲದ ಮೇಲೆ ನಡೆಯಬೇಕು. ಅದಕ್ಕೆ ಪೋರ್ಟೇಜ್ ಅನ್ನುತ್ತಾರೆ. ಒಂದು ಮೂಟೆ 41 ಕೆಜಿ. ಹಣೆಗೆ ಚರ್ಮದ ಪಟ್ಟಿ ಕೊಟ್ಟು, ಮೂಟೆ ಬೆನ್ನ ಮೇಲೆ ಬರುವಂತೆ ನೇತು ಹಾಕಿಕೊಂಡು, ಅದರ ಮೇಲೆ ಇನ್ನೊಂದು ಮೂಟೆ. ಸಿಮೆಂಟ್ ಮೂಟೆಗಿಂತ ಸ್ವಲ್ಪ ಹಗುರವಾದ ಎರಡು ಮೂಟೆ ಹೊತ್ತು ಕೆಸರು, ಕಲ್ಲು, ಸೊಳ್ಳೆಗಳ ನಡುವೆ ಓಡುನಡಿಗೆ. ಗ್ರ್ಯಾಂಡ್ ಪೋರ್ಟೇಜ್ ಎಂಬ ಜಾಗದಲ್ಲಿ ಈ ದಾರಿಯೊಂದೇ ಸುಮಾರು 13.5 ಕಿಲೋಮೀಟರ್. ಮುಳುಗಿ ಸತ್ತವರು ಎಷ್ಟೋ ಜನ, ಹರ್ನಿಯಾ ಆಗಿ ಕರುಳು ಸಿಕ್ಕಿಕೊಂಡು ಸತ್ತವರೂ ಇದ್ದರು. ರಭಸದ ನೀರಿನ ಪಕ್ಕದಲ್ಲಿ ಸಾಲಾಗಿ ಮರದ ಶಿಲುಬೆಗಳು ನಿಂತಿರುತ್ತಿದ್ದವು.

14ರ ಹುಡುಗನ ಬೆನ್ನ ಮೇಲೆ ಎರಡು ಮೂಟೆ ಹೊರಿಸಬೇಡಿ. ಅವನನ್ನು ಗುಮಾಸ್ತನ ಕೆಲಸ ಕಲಿಯುವ ಅಪ್ರೆಂಟಿಸ್ ಮಾಡಿ. ಜಾರ್ಜ್ ನೆಲ್ಸನ್ ಎಂಬ ಶಾಲಾ ಮೇಷ್ಟರ ಮಗ 1802ರಲ್ಲಿ 15 ವರ್ಷದವನಾಗಿದ್ದಾಗ ಹೀಗೆಯೇ ಹೊರಟವನು. ಒಜಿಬ್ವೆ ಭಾಷೆ ಕಲಿತ, ಜೀವನವಿಡೀ ದಿನಚರಿ ಬರೆದ, ಆ ಜನರ ನಂಬಿಕೆಗಳನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟ. ಲೆಕ್ಕ ಬರೆಯುವ ಹುಡುಗ ಕಥೆಗಾರನಿಗೆ ಬಹಳ ಉಪಯೋಗ. ಯಾರಿಗೆ ಎಷ್ಟು ಸಾಲ, ಯಾರು ಏನು ತಂದರು, ಯಾರು ಬರಲೇ ಇಲ್ಲ, ಎಲ್ಲ ಅವನ ಪುಸ್ತಕದಲ್ಲಿರುತ್ತೆ.

ಬೀವರ್ ಬೇಟೆಯ ಬಗ್ಗೆಯೂ ಒಂದು ತಿದ್ದುಪಡಿ. ಕೆನಡಾದ ಉತ್ತರದಲ್ಲಿ ಬೇಟೆಯಾಡುತ್ತಿದ್ದವರು ಹೆಚ್ಚಾಗಿ ಮೂಲನಿವಾಸಿಗಳು. ಕಂಪನಿಯವರದ್ದು ಕೊಳ್ಳುವ ಕೆಲಸ. ಬಿಳಿಯರು ತಾವೇ ಬೋನಿಟ್ಟು ಗುಂಪುಗುಂಪಾಗಿ ಬೀವರ್ ಹಿಡಿದದ್ದು ಮುಖ್ಯವಾಗಿ 1820ರ ನಂತರ ಅಮೆರಿಕದ ರಾಕಿ ಪರ್ವತಗಳಲ್ಲಿ. ಆ ಕಥೆಯೇ ಬೇರೆ, ಎರಡನ್ನೂ ಕಲಸಬೇಡಿ. ಅಷ್ಟಕ್ಕೂ ಬೀವರ್ ಯಾಕೆ ಬೇಕಿತ್ತು? ಟೋಪಿಗೆ. ಒಳಗಿನ ಮೃದು ಕೂದಲಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿರುತ್ತವೆ, ಒತ್ತಿದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಫೆಲ್ಟ್ ಆಗುತ್ತೆ, ಮಳೆಗೆ ನೆನೆಯದ ಟೋಪಿ ಸಿದ್ಧ. ಮೂಲನಿವಾಸಿಗಳು ವರ್ಷವಿಡೀ ಮೈಮೇಲೆ ಹೊದ್ದು ಸವೆಸಿದ ಹಳೆಯ ಚರ್ಮಕ್ಕೆ ಟೋಪಿಯವರಲ್ಲಿ ವಿಶೇಷ ಬೇಡಿಕೆ ಇತ್ತು. ಮೇಲಿನ ಒರಟು ಕೂದಲು ಉಜ್ಜಿ ಉದುರಿರುತ್ತಿತ್ತಲ್ಲ, ಅದಕ್ಕೆ. 1634ರಲ್ಲಿ ಒಬ್ಬ ಫ್ರೆಂಚ್ ಪಾದ್ರಿಯ ಮುಂದೆ ಅವನಿಗೆ ಆಶ್ರಯ ಕೊಟ್ಟ, 'ಇನ್ನು' (Innu) ಎಂಬ ಮೂಲನಿವಾಸಿ ಜನಾಂಗದವನು ಚಾಕು ತೋರಿಸಿ ನಕ್ಕನಂತೆ: ಇಂಗ್ಲಿಷರಿಗೆ ಬುದ್ಧಿಯಿಲ್ಲ, ಒಂದು ಬೀವರ್ ಚರ್ಮಕ್ಕೆ ಇಂಥವು ಇಪ್ಪತ್ತು ಕೊಡುತ್ತಾರೆ. ಮಣಿಸರ ತೋರಿಸಿ ಮುಗ್ಧ ಜನರನ್ನು ಬುಟ್ಟಿಗೆ ಹಾಕಿಕೊಂಡರು ಎಂಬ ದೃಶ್ಯ ಬರೆಯುವ ಮುಂಚೆ ಈ ನಗು ನೆನಪಿಟ್ಟುಕೊಳ್ಳಿ. ಅವರು ಚೌಕಾಸಿ ಮಾಡುತ್ತಿದ್ದರು, ಬಂದೂಕು ಸರಿಯಿಲ್ಲ ಅಂತ ಜಗಳವಾಡುತ್ತಿದ್ದರು, ಫ್ರೆಂಚರು ಜಾಸ್ತಿ ಕೊಟ್ಟರೆ ಅಲ್ಲಿಗೆ ಹೋಗುತ್ತಿದ್ದರು.

ಇದರರ್ಥ ಎಲ್ಲ ನ್ಯಾಯವಾಗಿತ್ತು ಅಂತಲ್ಲ. ಹಡ್ಸನ್ಸ್ ಬೇ ಮತ್ತು ನಾರ್ತ್ ವೆಸ್ಟ್ ಎಂಬ ಎರಡು ಕಂಪನಿಗಳ ಪೈಪೋಟಿ ಏರಿದಂತೆ ಮದ್ಯದ ಹೊಳೆ ಹರಿಯಿತು. ಥಾಂಪ್ಸನ್ ಇದಕ್ಕೆ ಒಪ್ಪಲಿಲ್ಲ. 1808ರಲ್ಲಿ ಪಾಲುದಾರರು ಎರಡು ಪೀಪಾಯಿ ಮದ್ಯ ಒಯ್ಯಲೇಬೇಕೆಂದು ಹಟ ಹಿಡಿದರು. ಅವನು ಅವನ್ನು ತಂಡದ ಅತ್ಯಂತ ತುಂಟ ಕುದುರೆಯ ಮೇಲೆ ಹೇರಿದ. ಅದು ಬಂಡೆಗೆ ಉಜ್ಜಿ ಉಜ್ಜಿ ಮಧ್ಯಾಹ್ನದೊಳಗೆ ಪೀಪಾಯಿ ಖಾಲಿ ಮಾಡಿತು. ಮುಂದೆ ಕಳಿಸಿದರೂ ಇದೇ ಗತಿ ಅಂತ ಅವರಿಗೆ ಬರೆದು ಹಾಕಿದ. ಬೀವರ್ ಕೂಡ ಉಳಿಯಲಿಲ್ಲ. 1797ರ ಹೊತ್ತಿಗಾಗಲೇ ಉಕ್ಕಿನ ಬೋನು ಮತ್ತು ಬೀವರ್ ಗ್ರಂಥಿಯ ವಾಸನೆಯ ಆಮಿಷ ಸೇರಿ ಹೊಳೆಹೊಳೆಗಳನ್ನೇ ಬರಿದು ಮಾಡುತ್ತಿದ್ದುದನ್ನು ಅವನೇ ಬರೆದಿದ್ದಾನೆ. ಇಷ್ಟು ದುಡಿದ ಅವನು, ಖಂಡದ ಸುಮಾರು ಐದನೇ ಒಂದು ಭಾಗದ ನಕ್ಷೆ ಬರೆದವನು, 1857ರಲ್ಲಿ ಬಡವನಾಗಿಯೇ ಸತ್ತ. ದುಡ್ಡು ಮಾಡಿದವರು ಮಾಂಟ್ರಿಯಲ್ ಮತ್ತು ಲಂಡನ್ನಿನಲ್ಲಿ ಕೂತ ಪಾಲುದಾರರು. ನಿಮ್ಮ ಹುಡುಗ ಸಾಲವಿಲ್ಲದೆ, ಕೈಕಾಲು ನೆಟ್ಟಗಿಟ್ಟುಕೊಂಡು ಬಂದರೆ ಅದೇ ದೊಡ್ಡ ಲಾಭ. ಥಾಂಪ್ಸನ್ ಅಪ್ರೆಂಟಿಸ್ ಅವಧಿ ಮುಗಿದಾಗ ರೂಢಿಯ ಹೊಸ ಬಟ್ಟೆಯ ಬದಲು ಅಳತೆಯ ಉಪಕರಣ ಕೇಳಿದ. ಕಾಲು ಮುರಿದು ಮಲಗಿದ್ದಾಗ ಫಿಲಿಪ್ ಟರ್ನರ್ ಎಂಬುವನಿಂದ ನಕ್ಷತ್ರ ನೋಡಿ ಜಾಗ ಗುರುತಿಸುವ ವಿದ್ಯೆ ಕಲಿತಿದ್ದನಲ್ಲ. ಕೊನೆಯಲ್ಲಿ ಹುಡುಗನ ಕೈಗೆ ಚಿನ್ನಕ್ಕಿಂತ ಇಂಥದ್ದೇನಾದರೂ ಕೊಡಿ.

ಒಂದು ಕಷ್ಟದ ವಿಷಯ ಬಾಕಿ ಇದೆ. 1799ರಲ್ಲಿ ಥಾಂಪ್ಸನ್ ಮದುವೆಯಾದ ಷಾರ್ಲಟ್ ಸ್ಮಾಲ್‌ಗೆ ಆಗ 13 ವರ್ಷ. ಅಮ್ಮ ಕ್ರೀ, ಅಪ್ಪ ಸ್ಕಾಟ್ಸ್ ವ್ಯಾಪಾರಿ, ಅವನು ಕುಟುಂಬ ಬಿಟ್ಟು ಹೋಗಿದ್ದ. ಈ ದಂಪತಿಗೆ 13 ಮಕ್ಕಳು, 57 ವರ್ಷದ ಸಂಸಾರ, ಅವನು ಸತ್ತ ಮೂರು ತಿಂಗಳಿಗೆ ಅವಳೂ ಹೋದಳು. ಓದಲು ಚೆಂದ, ಆದರೆ ನಿಮ್ಮ ಓದುಗರೂ 13ರವರೇ. ಇದನ್ನು ಪ್ರೇಮಕಥೆಯಾಗಿ ಸಿಂಗರಿಸಬೇಡಿ, ಮುಚ್ಚಿಡಲೂ ಬೇಡಿ. ಕಥೆಯಲ್ಲಿ ಅಂಥ ಹುಡುಗಿ ಬಂದರೆ ಅವಳಿಗೆ ಏನನಿಸಿತು ಅಂತ ಕೇಳುವ ಯಾರಾದರೂ ಇರಲಿ. ಎಷ್ಟೋ ವ್ಯಾಪಾರಿಗಳು ಊರಿಗೆ ಮರಳುವಾಗ ಹೆಂಡತಿ ಮಕ್ಕಳನ್ನು ಬಿಟ್ಟೇ ಹೋದರು. ಹಡ್ಸನ್ಸ್ ಬೇ ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್ ಮಾರ್ಗರೆಟ್ ಟೇಲರ್‌ಳನ್ನು ಬಿಟ್ಟು 1830ರಲ್ಲಿ ಇಂಗ್ಲೆಂಡಿನಿಂದ ಬೇರೆ ಹೆಂಡತಿಯನ್ನು ಕರೆತಂದ. ಹಾಗೆ ಬಿಟ್ಟುಹೋದ ಅಪ್ಪನ ಮಗ ನಿಮ್ಮ ಹುಡುಗನ ಗೆಳೆಯನಾಗಬಹುದು.

ನಮ್ಮ ಕಡೆಯ ಎಳೆ ಏನಾದರೂ ಸಿಗುತ್ತಾ ಅಂತ ನಿಮಗೆ ಅನ್ನಿಸಿರಬೇಕು. ಬಲವಂತವಾಗಿ ಒಬ್ಬ ಕನ್ನಡದ ಹುಡುಗನನ್ನು ಅಲ್ಲಿಗೆ ಎಳೆಯಬೇಡಿ. ನಿಜವಾದ ಒಂದು ಎಳೆ ಬಾಂಬೆಯದ್ದು. ಇಂಗ್ಲಿಷ್ ಕಪ್ತಾನ ಜೇಮ್ಸ್ ಕುಕ್‌ನ ನಾವಿಕರು ಕೆನಡಾದ ಪೆಸಿಫಿಕ್ ಕರಾವಳಿಯ ನೂಟ್ಕಾದಲ್ಲಿ ಕೊಂಡ ಸಮುದ್ರ ನೀರುನಾಯಿಯ ಚರ್ಮ ಚೀನಾದಲ್ಲಿ ಭಾರಿ ಬೆಲೆಗೆ ಹೋಯಿತು ಎಂಬ ಸುದ್ದಿ ಹರಡಿದ ಮೇಲೆ, 1785ರ ಡಿಸೆಂಬರಿನಲ್ಲಿ ಜೇಮ್ಸ್ ಸ್ಟ್ರೇಂಜ್ ಎಂಬುವನು ಬಾಂಬೆಯಿಂದ ಎರಡು ಹಡಗು ಹೊರಡಿಸಿದ. 1786ರಲ್ಲಿ ನೂಟ್ಕಾ ತಲುಪಿ, ಕಾಯಿಲೆ ಬಿದ್ದಿದ್ದ ಜಾನ್ ಮೆಕ್‌ಕೇ ಎಂಬ ಯುವಕನನ್ನು ಅಲ್ಲಿನ ಮುಖಂಡ ಮಕ್ವಿನ್ನಾನ ಜನರ ಜೊತೆ ಬಿಟ್ಟು ಹೋದರು. ಈ ಮೆಕ್‌ಕೇ ಬಾಂಬೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದವನು. ಒಂದು ವರ್ಷ ಅಲ್ಲೇ ಇದ್ದ, ಅವರ ಕಟ್ಟುಪಾಡು ಗೊತ್ತಿಲ್ಲದೆ ಮುಖಂಡನ ಮಗುವಿನ ತೊಟ್ಟಿಲು ದಾಟಿ ಏಟು ತಿಂದ, ಮನೆಯಿಂದ ಹೊರಗೆ ಹಾಕಿಸಿಕೊಂಡ. 1787ರಲ್ಲಿ ಇನ್ನೊಂದು ಹಡಗು ಅವನನ್ನು ಕರೆದೊಯ್ಯಿತು. ಇದು ಬೇರೆಯದೇ ಕಾದಂಬರಿ ಆಗಬಲ್ಲದು.

ಕಾಲ ಯಾವುದಿರಲಿ ಅಂತ ಕೇಳಿದರೆ ನನ್ನ ಸಲಹೆ 1803. ಆ ಹೊತ್ತಿಗೆ ನಾರ್ತ್ ವೆಸ್ಟ್ ಕಂಪನಿ ಗ್ರ್ಯಾಂಡ್ ಪೋರ್ಟೇಜ್ ಬಿಟ್ಟು ನೀವು ನೋಡಿದ ಫೋರ್ಟ್ ವಿಲಿಯಂ ಜಾಗಕ್ಕೆ ಗಂಟುಮೂಟೆ ಕಟ್ಟುತ್ತಿತ್ತು. ಹಳೆಯ ಜಾಗ ಅಮೆರಿಕದ ಗಡಿಯೊಳಗೆ ಬಿದ್ದಿತ್ತು. ಎಲ್ಲರೂ ಮನೆ ಬದಲಿಸುತ್ತಿರುವ ಬೇಸಿಗೆ ಹೊಸ ಹುಡುಗನ ಪ್ರವೇಶಕ್ಕೆ ಹೇಳಿಮಾಡಿಸಿದಂತಿದೆ. ನೀವು ನೋಡಿದ್ದು ಹೊಸದಾಗಿ ಕಟ್ಟಿದ ಪ್ರತಿರೂಪ, ಅದು ತೋರಿಸುವುದು 1816ರ ಸುಮಾರಿನ ಕೋಟೆ, ಆದ್ದರಿಂದ ಅಲ್ಲಿ ಕಂಡದ್ದನ್ನೆಲ್ಲ 1803ಕ್ಕೆ ಹಾಗೇ ಇಳಿಸಬೇಡಿ. ಬೆಂಕಿಕಡ್ಡಿಯೂ ಬೇಡ, ಅದು ಬರಲು ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲೆ ಬೇಕು. ಚಕಮಕಿ ಕಲ್ಲು ಕೊಡಿ.

ಮಾತುಕತೆಯಲ್ಲಿ ಕನ್ನಡ ನಿಮಗೆ ಅನುಕೂಲವೇ. ಕ್ರೀ, ಅನಿಶಿನಾಬೆ ಜನರಲ್ಲಿ ಹಿರಿಯರನ್ನು ಅಜ್ಜ, ಅಜ್ಜಿ ಅಂತ ನೆಂಟಸ್ತಿಕೆಯಿಂದ ಕರೆಯುವುದು ಸಹಜ. ವ್ಯಾಪಾರವೂ ನೆಂಟಸ್ತಿಕೆಯ ಮೇಲೇ ನಿಂತಿತ್ತು. ಹಾಗಾಗಿ ಅವರ ಬಾಯಲ್ಲಿ ಒಡಕು ಕನ್ನಡ ಹಾಕಬೇಡಿ. ಅವರವರ ಭಾಷೆಯಲ್ಲಿ ಅವರು ಸರಾಗವಾಗಿ ಮಾತಾಡುವವರು. ಒಡಕು ಮಾತು ಯಾರದ್ದಾದರೂ ಇರಬೇಕೆಂದರೆ ಅದು ಹೊಸದಾಗಿ ಬಂದ ನಿಮ್ಮ ಹುಡುಗನದ್ದು.

ಭಯದ ಬಗ್ಗೆ ಕೇಳಿದಿರಿ. ಕಂಪನಿಯ ಕೋಠಿಗಳ ದಿನಚರಿಗಳು ವಿನಿಪೆಗ್‌ನ ಮ್ಯಾನಿಟೋಬಾ ದಾಖಲಾಲಯದಲ್ಲಿವೆ, ಹಲವು ಕಂಪ್ಯೂಟರಿನಲ್ಲೇ ಓದಲು ಸಿಗುತ್ತವೆ. ಒಂದು ಕೋಠಿ, ಒಂದು ವರ್ಷ ಆರಿಸಿಕೊಂಡು ಪೂರ್ತಿ ಓದಿ. ಆಮೇಲೆ ಆ ಜಾಗದ ಮೂಲನಿವಾಸಿಗಳು ಇಂದು ಹೇಳುವ, ಬರೆಯುವ ಕಥೆಗಳನ್ನು ಓದಿ. ಥಂಡರ್ ಬೇ ಪಕ್ಕದಲ್ಲೇ ಫೋರ್ಟ್ ವಿಲಿಯಂ ಫಸ್ಟ್ ನೇಷನ್‌ನ ಅನಿಶಿನಾಬೆ ಜನ ಈಗಲೂ ಇದ್ದಾರೆ, ನಿಮ್ಮ ಕಥೆಯ ನೆಲ ಅವರದ್ದು. ಕರಡು ಮುಗಿದ ಮೇಲೆ ಮುಖ್ಯ ಅಧ್ಯಾಯಗಳನ್ನು ಇಂಗ್ಲಿಷಿಗೆ ಮಾಡಿ, ಆ ಸಮುದಾಯದ ಒಬ್ಬ ಓದುಗರಿಗೆ ಸಂಭಾವನೆ ಕೊಟ್ಟು ಓದಿಸಿ. ಅವರು ಬೇಡ ಅಂದ ಭಾಗವನ್ನು, ಅದರಲ್ಲೂ ಪೂಜೆ ಆಚರಣೆಗೆ ಸಂಬಂಧಿಸಿದ್ದನ್ನು, ವಾದ ಮಾಡದೆ ತೆಗೆಯಿರಿ. ಈ ಕೆಲಸಕ್ಕೆ ಕೆಲವು ತಿಂಗಳು ಬೇಕಾಗುತ್ತೆ, ಪ್ರಕಾಶಕರಿಗೆ ಮಾತು ಕೊಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ.